ಗೇಟಿಲ್ಲದ ಮನೆಯಲ್ಲಿ ಒಬ್ಬ ಅಂಜುಬುರುಕ

ಬೀಗ ಹಾಕಿ ಹೊರಟು, ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ಹಿಂದಿರುಗಿ ಬಂದು ಆ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡುವವರಿದ್ದಾರಲ್ಲ, ಆ ಕುಲಕ್ಕೆ ಸೇರಿದವನು ನಾನು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ಬಹಳ ಕಾಲ ನಂಬಿದ್ದೆ. ಏಕೆಂದರೆ ನಮ್ಮ ವಂಶವೇ ಹಾಗೆ. ನಾನು ಹುಟ್ಟಿ ಬೆಳೆದ ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ ಗೇಟಿಗೊಂದು ಬೀಗ, ವರಾಂಡದ ಗ್ರಿಲ್ಲಿಗೊಂದು ಬೀಗ, ಮುಂಬಾಗಿಲಿಗೆ ಮೇಲೊಂದು ಚಿಲಕ, ಕೆಳಗೊಂದು ಚಿಲಕ, ನಡುವೆ ಅಡ್ಡಕ್ಕೊಂದು ಕಬ್ಬಿಣದ ಪಟ್ಟಿ. ಹಾಲಿನವನು ಕೂಗಿದರೆ ಅಪ್ಪ ಇಷ್ಟನ್ನೂ ತೆಗೆದು ಹೊರಗೆ ಬರುವಷ್ಟರಲ್ಲಿ ಅವನು ಬೀದಿಯ ಕೊನೆಯ ಮನೆಯಲ್ಲಿರುತ್ತಿದ್ದ. ಒಳಗೆ ಕಳ್ಳ ಕದಿಯುವಂಥದ್ದು ಏನಿತ್ತು ಎಂದು ಕೇಳಿದರೆ, ಆ ಬೀಗಗಳಿದ್ದವು, ಅಷ್ಟೇ.

ಇಂಥ ನನಗೆ ದೇವರು ವತ್ಸಲಾಳನ್ನು ಗಂಟು ಹಾಕಿದ. ಅವಳು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ. ಹತ್ತನೇ ತರಗತಿಯ ಮಕ್ಕಳನ್ನು ವರ್ಷಗಟ್ಟಲೆ ಎದುರಿಸಿದವರಿಗೆ ಆಮೇಲೆ ಜಗತ್ತಿನಲ್ಲಿ ಹೆದರುವಂಥದ್ದು ಉಳಿದಿರುವುದಿಲ್ಲ. ಚಿಕ್ಕಲಸಂದ್ರದಲ್ಲಿದ್ದ ನಮ್ಮ ಸಣ್ಣ ಸೈಟಿನಲ್ಲಿ ಮನೆ ಕಟ್ಟುವ ಮಾತು ಬಂದಾಗ ಆ ಕೆಲಸವನ್ನು ಅವಳು ತನ್ನ ಅಕ್ಕನ ಮಗಳು ಮೇಘನಾಳಿಗೆ ಒಪ್ಪಿಸಿದಳು. ಮೇಘನಾ ಆಗಷ್ಟೇ ಆರ್ಕಿಟೆಕ್ಟ್ ಆಗಿದ್ದಳು. ಒಂದು ಭಾನುವಾರ ನಕ್ಷೆಯನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿದಳು. ನಾನು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ಹುಡುಕಿದೆ.

"ಬಾಗಿಲು ಎಲ್ಲಮ್ಮಾ?" ಎಂದೆ.

"ಅದೇ ಚಿಕ್ಕಪ್ಪ ಇದರ ವಿಶೇಷ. ಒಳಗೆ, ಹೊರಗೆ ಅನ್ನೋ ಭೇದಾನೇ ಇರಲ್ಲ. ರಸ್ತೆಯಿಂದ ಮೆಟ್ಟಿಲು ಹತ್ತಿದ್ರೆ ಹಾಲ್, ಆ ಹಾಲೇ ಅಂಗಳ, ಅಂಗಳದಲ್ಲೇ ಅಡುಗೆಮನೆ. ಎಲ್ಲಾ ಒಂದೇ ಹರಿವು."

"ಕಾಂಪೌಂಡು? ಗೇಟು?"

"ಗೇಟು ಅಂದ್ರೆ ಜಗತ್ತನ್ನ ನಂಬಲ್ಲ ಅಂತ ಬೋರ್ಡ್ ಹಾಕಿದ ಹಾಗೆ."

ಹಾಗೆ ಬೋರ್ಡು ಹಾಕಲು ನನ್ನದೇನೂ ಅಭ್ಯಂತರವಿರಲಿಲ್ಲ. ಆದರೆ ವತ್ಸಲಾ ಆಗಲೇ ನಕ್ಷೆಯನ್ನು ಮೆಚ್ಚಿ ತಲೆಯಾಡಿಸುತ್ತಿದ್ದಳು. ನಾನು ಕೊನೆಯ ಅಸ್ತ್ರವಾಗಿ, "ಕಳ್ಳ ಬಂದರೆ?" ಎಂದೆ. "ಮಿನಿಮಲಿಸ್ಟ್ ಮನೆ ಚಿಕ್ಕಪ್ಪ. ಕದಿಯೋಕೆ ಏನೂ ಇಟ್ಟಿರಲ್ಲ" ಎಂದಳು ಮೇಘನಾ. ಚರ್ಚೆ ಅಲ್ಲಿಗೆ ಮುಗಿಯಿತು.

ಹೀಗೆ ನಮ್ಮ ಮನೆ ಎದ್ದು ನಿಂತಿತು. ಎದ್ದಿತು ಎನ್ನುವುದಕ್ಕಿಂತ ಹರಡಿಕೊಂಡಿತು ಎನ್ನುವುದು ಸರಿ. ಸೈಟಿನಲ್ಲಿ ಮೊದಲಿನಿಂದ ಇದ್ದ ಹೊಂಗೆಮರವನ್ನು ಕಡಿಯದೆ, ಅದರ ಸುತ್ತ ನಡುಮನೆ ಕಟ್ಟಿ, ಮರ ಮೇಲೆ ಹೋಗಲೆಂದು ತಾರಸಿಯಲ್ಲಿ ದೊಡ್ಡ ಕಿಂಡಿ ಬಿಟ್ಟಿದ್ದರು. ಬೂದು ಬಣ್ಣದ ನೆಲ. ಗೋಡೆಗೆ ಬಣ್ಣವಿಲ್ಲ, ಮೊಳೆ ಹೊಡೆಯುವ ಹಾಗಿಲ್ಲ, ಆದ್ದರಿಂದ ಕ್ಯಾಲೆಂಡರಿಲ್ಲ. ರಾಹುಕಾಲ ನೋಡಲು ನಾನು ಪಕ್ಕದ ಮನೆಗೆ ಹೋಗುತ್ತಿದ್ದೆ. ಬೀರುಗಳಿಗೆ ಹಿಡಿಯಿಲ್ಲ, ಒತ್ತಿದರೆ ತೆರೆದುಕೊಳ್ಳುತ್ತವೆ. ಎಲ್ಲಿ ಒತ್ತಬೇಕೆಂಬುದು ಒತ್ತಿ ಒತ್ತಿಯೇ ಗೊತ್ತಾಗಬೇಕು. ಕತ್ತಲಾದ ಮೇಲೆ ರಸ್ತೆಯ ಕಡೆಗೆ ಎಳೆದುಕೊಳ್ಳಲು ಮರದ ಪಟ್ಟಿಗಳ ಒಂದು ಉದ್ದನೆಯ ಜಾರುತಡಿಕೆ ಇದೆ. ಬೆಳಗಾದರೆ ಅದು ಗೋಡೆಯೊಳಗೆ ಹೋಗಿ ಮಾಯವಾಗುತ್ತದೆ. ಹಗಲಿನಲ್ಲಿ ಅದನ್ನು ಎಳೆಯಕೂಡದೆಂದು ವತ್ಸಲಾಳ ಕಟ್ಟಪ್ಪಣೆ. "ಅಷ್ಟು ಆಸೆಪಟ್ಟು ಕಟ್ಟಿಸಿ, ಮುಚ್ಚಿಡೋದು ಯಾಕೆ?"

ಹಗಲಿಡೀ ನಾನು ಹೆದರುತ್ತಿದ್ದೆ. ಮರದಿಂದ ಏನೋ ಬಿದ್ದರೆ ಹಾವು, ಎಲೆ ಸರಿದರೆ ಹಾವು, ವತ್ಸಲಾ ತನ್ನ ದುಪಟ್ಟಾ ನೆಲದ ಮೇಲೆ ಬಿಟ್ಟುಹೋಗಿದ್ದರೆ ಅದಂತೂ ಹಾವೇ. ಒಂದು ಬೆಳಿಗ್ಗೆ ಪೇಪರು ಓದುತ್ತಿದ್ದಾಗ ಕತ್ತಿನ ಮೇಲೆ ಯಾರೋ ಬಿಸಿಯುಸಿರು ಬಿಟ್ಟರು. ತಿರುಗಿ ನೋಡಿದರೆ ಬೀದಿಯ ಹಸು. ಅದಕ್ಕೂ ಒಳಗೆ, ಹೊರಗೆ ಎಂಬ ಭೇದವಿರಲಿಲ್ಲ. ಇನ್ನೊಂದು ಸಂಜೆ ಕಾಲೇಜಿನ ವಯಸ್ಸಿನ ಒಂದು ಜೋಡಿ ಬಂದು ನಮ್ಮ ಕಲ್ಲುಬೆಂಚಿನ ಮೇಲೆ ಕುಳಿತು, "ಅಂಕಲ್, ಮೆನು ಕೊಡ್ತೀರಾ?" ಎಂದು ಕೇಳಿತು. ಇದು ಮನೆ ಎಂದೆ. ಅವರು ಕ್ಷಮೆ ಕೇಳಿ, ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಮೇಘನಾಳ ಗೆಳೆಯರು, ಅವರ ವಿದ್ಯಾರ್ಥಿಗಳು, ಮನೆ ಕಟ್ಟಿಸಬೇಕೆಂದಿರುವವರು ಹೀಗೆ ಯಾರು ಯಾರೋ ಬಂದು ಮರವನ್ನು ನೋಡಿ "ಸಖತ್" ಎಂದು ಹೇಳಿ ಹೋಗುವುದು ಮಾಮೂಲಾಯಿತು. ಬರುವವರಲ್ಲಿ ಯಾರು ವಿದ್ಯಾರ್ಥಿ, ಯಾರು ಕಳ್ಳ ಎಂದು ಮುಖ ನೋಡಿ ತಿಳಿಯುವ ಬಗೆ ನನಗೆ ಗೊತ್ತಿರಲಿಲ್ಲ. ಇಬ್ಬರೂ ತಲೆಯೆತ್ತಿ ತಾರಸಿ ನೋಡುತ್ತಾರೆ.

ಇದೆಲ್ಲ ಸಣ್ಣಪುಟ್ಟ ಭಯಗಳು. ದೊಡ್ಡದು ಬಂದದ್ದು ನನಗೆ ಮದ್ರಾಸ್ ಕಣ್ಣು ಬಂದಾಗ. ಎರಡೂ ಕಣ್ಣು ಕೆಂಡದಂತಾಗಿ, ನಾನು ಕೆಲಸ ಮಾಡುವ ವಿಮಾ ಕಚೇರಿಯವರು, "ದಯವಿಟ್ಟು ಮನೇಲೇ ಇರಿ ಸಾರ್" ಎಂದು ಫೋನಿನಲ್ಲೇ ದೂರ ಸರಿದು ಹೇಳಿದರು. ಬೆಳಿಗ್ಗೆ ವತ್ಸಲಾ ಸ್ಕೂಲಿಗೆ ಹೋದಳು. ನಾನು ಕಣ್ಣಿಗೆ ಔಷಧಿ ಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿ, ಅಡುಗೆಮನೆಯ ಕಟ್ಟೆಯ ಬಳಿ ನಿಂತು ನೀರು ಕುಡಿಯುತ್ತಿದ್ದೆ. ಔಷಧಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಎಲ್ಲವೂ ಮಬ್ಬು. ಆ ಮಬ್ಬಿನಲ್ಲಿ ನೋಡುತ್ತೇನೆ, ಮರದ ಬುಡದ ಕಲ್ಲುಬೆಂಚಿನ ಮೇಲೆ ಒಬ್ಬ ಗಂಡಸು ಕುಳಿತಿದ್ದಾನೆ. ದಪ್ಪ ಆಳು. ಕರೆದವನಲ್ಲ, ಕೇಳಿದವನಲ್ಲ. ಸುಮ್ಮನೆ ಕುಳಿತು ನೆಲ ನೋಡುತ್ತಿದ್ದಾನೆ.

ನನ್ನ ಕೈಯಲ್ಲಿದ್ದ ಲೋಟ ಕಟ್ಟೆಗೆ ತಾಗಿ ಸದ್ದಾಯಿತು. ಅವನು ತಲೆಯೆತ್ತಿ ನನ್ನತ್ತ ನೋಡಿ ಒಂದು ಕೈ ಎತ್ತಿದ. ನಾನು ಓಡಿದೆ.

ಓಡಲು ನಮ್ಮ ಮನೆಯಲ್ಲಿ ಇರುವುದು ಒಂದೇ ಜಾಗ, ಸಾಮಾನಿನ ಕೋಣೆ. ಕೆಳಗಿನ ಮಹಡಿಯಲ್ಲಿ ಅದಕ್ಕೂ ಬಚ್ಚಲಿಗೂ ಮಾತ್ರ ಬಾಗಿಲಿದೆ. ಬಚ್ಚಲಿನ ಮೇಲ್ಭಾಗ ಆಕಾಶಕ್ಕೆ ತೆರೆದಿರುವುದರಿಂದ ಅದನ್ನು ನಾನು ಲೆಕ್ಕಕ್ಕೆ ಇಟ್ಟಿಲ್ಲ. ಒಳಗೆ ಹೋಗಿ ಬಾಗಿಲು ತಳ್ಳಿಕೊಂಡೆ. ಅಕ್ಕಿಯ ಡಬ್ಬದ ಮೇಲೆ ಕುಳಿತೆ. ಎದೆಯ ಬಡಿತ ಡಬ್ಬದೊಳಗೆ ಕೇಳುತ್ತಿತ್ತು. ವತ್ಸಲಾಳಿಗೆ ಫೋನು ಮಾಡಿದೆ.

"ಮನೆಗೆ ಕಳ್ಳ ಬಂದಿದ್ದಾನೆ" ಎಂದು ಪಿಸುಗುಟ್ಟಿದೆ.

"ಏನ್ ಮಾಡ್ತಿದಾನೆ?"

"ಕೂತಿದ್ದಾನೆ."

"ಕೂತ್ಕೊಂಡು?"

"ಬೆಂಚಿನ ಮೇಲೆ ಕೂತ್ಕೊಂಡು ಕೈ ಎತ್ತಿದ."

"ರೀ, ಯಾವ ಕಳ್ಳ ಬಂದು ಕೂತು ಕೈ ಎತ್ತುತಾನೆ? ಮೇಘನಾ ಕಳಿಸಿರೋರು ಯಾರೋ ಇರಬೇಕು. ನೀವೆಲ್ಲಿದೀರಾ?"

ಎಲ್ಲಿದ್ದೇನೆಂದು ಹೇಳಿದೆ. "ಎದ್ದು ಹೋಗಿ ಅವರಿಗೆ ನೀರು ಕೊಡಿ. ನನಗೆ ಕ್ಲಾಸಿದೆ" ಎಂದು ಫೋನಿಟ್ಟಳು.

ನಾನು ಏಳಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ಕುಳಿತೆ. ಏನನ್ನಾದರೂ ಎಳೆದಾಡುವ ಸದ್ದು, ಹೆಜ್ಜೆಯ ಸದ್ದು ಕೇಳುತ್ತದೆಂದು ಕಾದೆ. ಏನೂ ಇಲ್ಲ. ಹೊಂಗೆಯ ಮೇಲೆ ಅಳಿಲು ಕಿರುಚುತ್ತಿತ್ತು. ಆಮೇಲೆ ಒಂದು ದನಿ ಕೇಳಿಸಿತು. ಮೆಲ್ಲಗೆ, ಹಲ್ಲು ಕಚ್ಚಿಕೊಂಡು, "ಅವ್ವಾ" ಎಂದಿತು.

ನನಗೆ ಕಳ್ಳರ ಅನುಭವವಿಲ್ಲ. ಆದರೆ ಕದಿಯಲು ಬಂದವನು ಆ ದನಿಯಲ್ಲಿ ತಾಯಿಯನ್ನು ಕರೆಯುವುದಿಲ್ಲ ಎಂಬುದು ಎಂಥವನಿಗೂ ತಿಳಿಯುತ್ತದೆ. ಆ ದನಿ ಕೇಳಿದ ಮೇಲೆ ನನಗೆ ಇನ್ನೊಂದು ಬಗೆಯ ಭಯವಾಯಿತು. ಮೊದಲಿನದು ನನ್ನ ಬಗ್ಗೆ, ಇದು ಅವನ ಬಗ್ಗೆ. ಎದ್ದೆ. ಬಾಗಿಲು ತೆರೆಯಲಿಲ್ಲ. ಹಿಡಿಯಿಲ್ಲದ ಬಾಗಿಲು, ಎಲ್ಲಿ ಒತ್ತಬೇಕೋ ಅದು ಆ ಗಡಿಬಿಡಿಯಲ್ಲಿ ಮರೆತೇಹೋಯಿತು. ಮೇಲೆ ಒತ್ತಿದೆ, ಕೆಳಗೆ ಒತ್ತಿದೆ, ಭುಜ ಕೊಟ್ಟು ಗುದ್ದಿದೆ. ಕೊನೆಗೆ ಸೋತು ಹಣೆ ಒರಗಿಸಿದೆ. ಹಣೆ ಒರಗಿದ ಜಾಗವೇ ಒತ್ತುವ ಜಾಗವಾಗಿತ್ತು. ಬಾಗಿಲು ಟಕ್ಕೆಂದು ತೆರೆದು ನಾನು ಹೊರಗೆ ಬಿದ್ದೆ.

ಅವನು ಈಗ ಬೆಂಚಿಗೆ ಒರಗಿ ನೆಲದ ಮೇಲೆ ಕುಳಿತಿದ್ದ. ನಲವತ್ತೈದರ ಆಸುಪಾಸಿನವನು, ದಪ್ಪ ಮೀಸೆ. ಅಂಗಿಯೆಲ್ಲ ಬೆವರಿನಿಂದ ಒದ್ದೆ, ಮುಖ ನಮ್ಮ ನೆಲದ ಬಣ್ಣಕ್ಕೆ ತಿರುಗಿತ್ತು. ಒಂದು ಕೈ ಎದೆಯ ಮೇಲಿತ್ತು.

"ತಪ್ಪು ತಿಳೀಬ್ಯಾಡ್ರಿ ಸರ್" ಎಂದ. "ಎದಿ ಹಿಡದಂಗ ಆತು. ಉಳಿದ ಮನಿ ಎಲ್ಲಾ ಗೇಟ್ ಹಾಕಿದ್ರು. ನಿಮ್ಮದೊಂದು ತೆರೆದಿತ್ತು."

ಅವನ ಹೆಸರು ಬಸವರಾಜ. ಹಾವೇರಿ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದುಕೊಂಡು ಡ್ರೈವಿಂಗ್ ಕಲಿಸುವ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ನಮ್ಮ ಮನೆಯ ಮುಂದೆ, ನೆತ್ತಿಯ ಮೇಲೆ ಕೆಂಪು ಅಕ್ಷರದ ಬೋರ್ಡು ಹೊತ್ತ ಪುಟ್ಟ ಕಾರೊಂದು ನಿಂತಿತ್ತು, ಅದರಲ್ಲಿ ಸ್ಟೀರಿಂಗನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಒಬ್ಬ ಹೆಂಗಸು ಕುಳಿತಿದ್ದರು. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ. ಬರುತ್ತದೆ, ಆದರೆ ರಸ್ತೆ ಜಾಮ್ ಇದೆ, ಹೊತ್ತಾಗಬಹುದು ಎಂದರು. ಆಟೋ ಹುಡುಕಲು ರಸ್ತೆಗೆ ಓಡಿದೆ. ಬಂದ ಒಂದು ಆಟೋದವನು ನಿಲ್ಲಿಸಿದ. ಆಗ ನಾನು ಕಪ್ಪು ಕನ್ನಡಕ ತೆಗೆದು, "ಅಣ್ಣಾ, ಎಮರ್ಜೆನ್ಸಿ" ಎಂದೆ. ನನ್ನ ಕಣ್ಣು ನೋಡಿದವನೇ ಗಾಡಿ ತಿರುಗಿಸಿ ಹೊರಟುಹೋದ.

ಉಳಿದದ್ದು ಆ ಕಾರು. ಕಿಟಕಿಯ ಬಳಿ ಬಗ್ಗಿ, "ಮೇಡಂ, ನಿಮ್ಮ ಮೇಷ್ಟ್ರಿಗೆ ಹುಷಾರಿಲ್ಲ" ಎಂದೆ.

"ನಂಗೊತ್ತು ಸಾರ್" ಎಂದರು ಆಕೆ, ಕಣ್ಣು ರಸ್ತೆಯ ಮೇಲಿಟ್ಟು. "ಬ್ರೇಕಿಂದ ಕಾಲು ತೆಗೀಬೇಡಿ ಅಂತ ಹೇಳಿ ಇಳಿದು ಹೋದ್ರು. ಆವಾಗಿಂದ ತುಳ್ಕೊಂಡೇ ಇದೀನಿ. ಕಾಲು ಮರಗಟ್ಟಿದೆ."

"ನಿಮಗೆ ಓಡಿಸೋಕೆ ಬರುತ್ತಾ?"

"ಮೊನ್ನೆ ಶುರು ಮಾಡಿದೀನಿ. ನಿಮಗೆ?"

ನನಗೆ ಸೈಕಲ್ ಕೂಡ ಇಳಿಜಾರಿನಲ್ಲಿ ಬರುವುದಿಲ್ಲ. ಅದನ್ನು ಹೇಳಲಿಲ್ಲ, ಇಲ್ಲವೆಂದು ತಲೆಯಾಡಿಸಿದೆ. ಇಬ್ಬರೂ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದೆವು. ಆಕೆಯ ಹೆಸರು ಶಾಂತಲಾ, ಉತ್ತರಹಳ್ಳಿಯವರು, ಮನೆಯಲ್ಲೇ ಟೈಲರಿಂಗ್ ಮಾಡುತ್ತಾರೆ. ಮಗಳ ಬಾಣಂತನಕ್ಕೆ ಆಸ್ಪತ್ರೆಗೆ ಓಡಾಡಲು ಅನುಕೂಲವಾಗಲೆಂದು ಡ್ರೈವಿಂಗ್ ಕಲಿಯಲು ಬಂದಿದ್ದರು. "ಹತ್ತಿಸಿ ಸಾರ್. ಹೋಗೋಣ" ಎಂದರು.

ಬಸವರಾಜನನ್ನು ತಬ್ಬಿ ಎಬ್ಬಿಸಿ, ನಡೆಸದೆ ಅರ್ಧ ಎತ್ತಿಕೊಂಡೇ ತಂದು ಹಿಂದಿನ ಸೀಟಿನಲ್ಲಿ ಒರಗಿಸಿದೆ. ಅವನ ತೂಕ ಆಗ ಗೊತ್ತಾಗಲಿಲ್ಲ, ಮರುದಿನ ಬೆನ್ನಿಗೆ ಗೊತ್ತಾಯಿತು. ನಾನು ಮುಂದೆ, ಶಾಂತಲಾ ಅವರ ಪಕ್ಕದಲ್ಲಿ ಕುಳಿತೆ. ಕಲಿಸುವವರ ಕಾರುಗಳಲ್ಲಿ ಆ ಕಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆಂದು ನನಗೆ ತಿಳಿದಿರಲಿಲ್ಲ. ಕಾಲಿಡಲು ಕಂಬಿ ಕೊಟ್ಟಿದ್ದಾರೆಂದುಕೊಂಡು ಗಟ್ಟಿಯಾಗಿ ಊರಿ ಕುಳಿತೆ. ಕಾರು ಗುರ್ರೆಂದು ಒಮ್ಮೆ ನಡುಗಿ ನಿಂತಿತು.

"ಸರ್ ಕಾಲು ತೆಗೀರಿ" ಎಂದ ಬಸವರಾಜ ಹಿಂದಿನಿಂದ. "ಮೇಡಂ, ಹೆದರಬ್ಯಾಡ್ರಿ. ಫಸ್ಟ್ ಗಿಯರ್. ಕ್ಲಚ್ ಹಗೂರಕ ಬಿಡ್ರಿ. ಹಗೂರಕ."

ಹೊರಟೆವು. ಪದ್ಮನಾಭನಗರದ ಕಡೆ ಒಂದು ಆಸ್ಪತ್ರೆ ಇತ್ತು. ಬೇರೆ ದಿನ ಆ ದಾರಿಯಲ್ಲಿ ನಾನು ತರಕಾರಿ ಚೀಲ ಹಿಡಿದು ನಡೆದೇ ಹೋಗುತ್ತೇನೆ. ಆವತ್ತು ಅದು ಮುಗಿಯಲೇ ಇಲ್ಲ. ಎದುರಿಗೆ ನೀರಿನ ಟ್ಯಾಂಕರು ಬಂತು. ನಾನು ಬ್ರೇಕು ತುಳಿದೆ, ಕಾರು ನಿಂತಿತು. ನಾಯಿ ಅಡ್ಡ ಬಂತು, ತುಳಿದೆ, ನಿಂತಿತು. ಯಾವುದೂ ಅಡ್ಡ ಬರಲಿಲ್ಲ. ಏನಾದರೂ ಬರಬಹುದೆಂದು ತುಳಿದೆ. ಹಿಂದೆ ಸಿಟಿ ಬಸ್ಸೊಂದು ಆಕಾಶ ಹರಿಯುವಂತೆ ಹಾರನ್ ಹೊಡೆಯುತ್ತಿತ್ತು. ಪ್ರತಿ ಸಲವೂ ಬಸವರಾಜ ಮೊದಲಿನಿಂದ ಶುರು ಮಾಡುತ್ತಿದ್ದ, "ನ್ಯೂಟ್ರಲ್. ಚಾವಿ ತಿರುವ್ರಿ. ಕ್ಲಚ್ ಹಗೂರಕ." ಪ್ರತಿ ಸಲವೂ ಆ ದನಿ ಸಣ್ಣದಾಗುತ್ತಿತ್ತು.

ದೇವಸ್ಥಾನದ ತಿರುವು ದಾಟಿದ ಮೇಲೆ ಶಾಂತಲಾ ಅವರು, "ಈಗ ಸೆಕೆಂಡ್ ಹಾಕ್ಲಾ ಸಾರ್?" ಎಂದು ಕೇಳಿದರು. ಹಿಂದಿನಿಂದ ಉತ್ತರ ಬರಲಿಲ್ಲ.

"ಸಾರ್?"

ತಿರುಗಿ ನೋಡಿದೆ. ಕಣ್ಣು ಮುಚ್ಚಿದ್ದ. ತುಟಿ ಅಲುಗುತ್ತಿತ್ತು, ಸದ್ದಿರಲಿಲ್ಲ. ನಾನು ಜೀವನದಲ್ಲಿ ಅನೇಕ ಬಗೆಯಲ್ಲಿ ಹೆದರಿದ್ದೇನೆ, ಆದರೆ ಆ ಕ್ಷಣದ ಭಯಕ್ಕೆ ಯಾವುದನ್ನೂ ಹೋಲಿಸಲಾರೆ. ಕಾಲು ತನ್ನಷ್ಟಕ್ಕೆ ತಾನೇ ಮತ್ತೆ ಬ್ರೇಕಿನ ಕಡೆ ಹೊರಟಿತು.

"ಸಾರ್" ಎಂದರು ಶಾಂತಲಾ. ದನಿ ಏರಿಸಲಿಲ್ಲ. "ಅವರನ್ನ ಉಳಿಸ್ಬೇಕಾ, ಬೇಡ್ವಾ? ಕಾಲು ಮೇಲೆತ್ಕೊಳಿ."

ನಾನು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಪಂಕ್ತಿ ಊಟಕ್ಕೆ ಕುಳಿತವನಂತೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಒಂದು ಕೈಯನ್ನು ಹಿಂದಕ್ಕೆ ಚಾಚಿ ಬಸವರಾಜನ ಕೈ ಹಿಡಿದುಕೊಂಡೆ. ಅದು ತಣ್ಣಗಿತ್ತು. ಯಾರಾದರೂ ಮಾತಾಡದಿದ್ದರೆ ನಾನು ಅತ್ತುಬಿಡುತ್ತಿದ್ದೆನೋ ಏನೋ, ಆದ್ದರಿಂದ ನಾನೇ ಮಾತಾಡಿದೆ. ಅಷ್ಟು ಹೊತ್ತು ಕೇಳಿದ್ದ ಪಾಠವನ್ನೇ ಒಪ್ಪಿಸತೊಡಗಿದೆ. "ಕ್ಲಚ್ ಒತ್ತಿ. ಸೆಕೆಂಡ್ ಹಾಕಿ. ಹಗೂರಕ ಬಿಡಿ. ಹಗೂರಕ." ಗಿಯರು ಎಂದರೆ ಏನೆಂದು ತಿಳಿಯದ ನಾನು ಹೇಳುತ್ತಾ ಹೋದೆ, ಓಡಿಸಲು ಬಾರದ ಆಕೆ ಓಡಿಸುತ್ತಾ ಹೋದರು. ಹಂಪುಗಳನ್ನು ಹಾರಿದೆವು. ಸಿಗ್ನಲ್ಲಿನ ಪೊಲೀಸು ಕೈ ಅಡ್ಡ ಹಿಡಿದವನು ನಮ್ಮನ್ನು ನೋಡಿ ತಾನೇ ಪಕ್ಕಕ್ಕೆ ಸರಿದ. ನಾನು ಹಿಡಿದಿದ್ದ ಕೈ ಒಮ್ಮೆ ಮೆಲ್ಲಗೆ ನನ್ನ ಬೆರಳನ್ನು ಒತ್ತಿತು. ಬದುಕಿದ್ದಾನೆ ಎಂದೆ ಶಾಂತಲಾ ಅವರಿಗೆ. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಆಸ್ಪತ್ರೆಯ ಬಾಗಿಲಿನ ಹೂಕುಂಡಕ್ಕೆ ತಾಗಿಸಿ ನಿಲ್ಲಿಸಿದರು. ಸಿಬ್ಬಂದಿಯವರು ಗಾಲಿಮಂಚ ತಂದು, ಮುಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ನಡುಗುತ್ತಿದ್ದ ಕೆಂಪು ಕಣ್ಣಿನ ನನ್ನನ್ನು ಎತ್ತಿ ಮಲಗಿಸಿಬಿಟ್ಟರು. "ನಾನಲ್ಲ, ಹಿಂದೆ, ಹಿಂದೆ" ಎಂದು ಕೂಗಬೇಕಾಯಿತು. ಬಸವರಾಜನನ್ನು ಒಳಗೆ ಕೊಂಡೊಯ್ದ ಮೇಲೂ ಒಬ್ಬ ನರ್ಸಿಗೆ ಸಮಾಧಾನವಿಲ್ಲದೆ ನನ್ನ ಬಿಪಿ ನೋಡಿ, ನೀವೂ ಅಡ್ಮಿಟ್ ಆಗೋದು ಒಳ್ಳೇದು ಎಂದಳು. ನಾನೂ ಶಾಂತಲಾ ಅವರೂ ಹೊರಗಿನ ಕುರ್ಚಿಯಲ್ಲಿ ಕುಳಿತೆವು. ಸುದ್ದಿ ತಿಳಿದು ವತ್ಸಲಾ ಬಂದಳು. ಬಸವರಾಜನ ಹೆಂಡತಿ ಬಂದು, ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಗೋಡೆ ಹಿಡಿದು ನಿಂತಳು. ಬಹಳ ಹೊತ್ತಿನ ಮೇಲೆ ವೈದ್ಯರು ಹೊರಗೆ ಬಂದು, ರಕ್ತನಾಳ ಕಟ್ಟಿಕೊಂಡಿತ್ತು, ಬಿಡಿಸಿದ್ದೇವೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಆಗ ಶಾಂತಲಾ ಅವರು ಎದ್ದು ನಿಂತು, ಕಾರಿನ ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ನಾನು ಬಸ್ಸಲ್ಲಿ ಮನೆಗೆ ಹೋಗ್ತೀನಿ ಸಾರ್" ಎಂದರು.

ಕೆಲವು ತಿಂಗಳ ಬಳಿಕ ಒಂದು ಭಾನುವಾರ ಬಸವರಾಜ ಹೆಂಡತಿಯೊಡನೆ ನಮ್ಮ ಮನೆಗೆ ಬಂದ. ಸೊರಗಿಹೋಗಿದ್ದ, ಮೀಸೆ ಮಾತ್ರ ಹಾಗೇ ಇತ್ತು. ಶೇಂಗಾ ಹೋಳಿಗೆ ತಂದಿದ್ದರು. ವೈದ್ಯರು ಕೆಲಸಕ್ಕೆ ಹೋಗಬಹುದು ಎಂದಿದ್ದಾರಂತೆ. ಅದೇ ಬೆಂಚಿನ ಮೇಲೆ ಕುಳಿತು ವತ್ಸಲಾಳಿಗೆ ಅಂದಿನ ಕಥೆ ಹೇಳತೊಡಗಿದ.

"ಮೇಡಂ, ಸರ್ ಅಂಥವ್ರನ್ನ ನಾ ನೋಡಿಲ್ರಿ. ನಾ ಒಂದು ಕೈ ಎತ್ತಿದ್ದಷ್ಟ. ಯಾರು, ಏನು ಅಂತ ಒಂದು ಮಾತು ಕೇಳಲಿಲ್ಲ. ಫೋನ್ ಮಾಡಾಕ ಒಳಗ ಓಡೇ ಬಿಟ್ರು."

ನಾನು ಹೋಳಿಗೆಯನ್ನು ನೋಡುತ್ತಾ ಕುಳಿತೆ. ವತ್ಸಲಾ ನನ್ನನ್ನು ನೋಡಿದಳು. "ಹೌದು, ಫೋನ್ ಮಾಡಿದ್ರು" ಎಂದಳು. ಮುಂದೆ ಏನೂ ಹೇಳಲಿಲ್ಲ. ಅಷ್ಟು ದಿನದ ಸಂಸಾರದಲ್ಲಿ ಅವಳು ನನಗೆ ಮಾಡಿದ ಉಪಕಾರಗಳಲ್ಲಿ ಇದಕ್ಕೇ ಮೊದಲ ಸ್ಥಾನ.

"ಈ ಋಣ ಹೆಂಗ ತೀರಿಸ್ಲಿ ಅಂತ ವಿಚಾರ ಮಾಡೀನಿ" ಎಂದ ಬಸವರಾಜ. "ನನಗ ಬರೋದು ಒಂದ ವಿದ್ಯಾ. ಸರ್‌ಗೆ ನಾನ ಡ್ರೈವಿಂಗ್ ಕಲಿಸ್ತೀನ್ರಿ. ಪುಕ್ಕಟ. ನಾಳಿಂದನ ಶುರು ಮಾಡೂಣು."

ಬೇಡ ಎನ್ನಲು ಬಾಯಿ ತೆರೆದೆ. ನನಗಿಂತ ಮೊದಲು ವತ್ಸಲಾ, "ತುಂಬಾ ಸಂತೋಷ. ಬೆಳಿಗ್ಗೆ ಹೊತ್ತು ಅವರು ಬಿಡುವಾಗೇ ಇರ್ತಾರೆ" ಎಂದುಬಿಟ್ಟಳು. ಸುಮ್ಮನಿದ್ದದ್ದಕ್ಕೆ ಅವಳು ವಸೂಲು ಮಾಡಿಕೊಂಡ ಶುಲ್ಕ ಅದೆಂದು ನನಗೆ ಆಗಲೇ ತಿಳಿಯಿತು.

ಬೇರೆ ಮನೆಯಾಗಿದ್ದರೆ ಉಪಾಯವಿತ್ತು. ಗೇಟಿನ ಬಳಿ ಯಾರನ್ನಾದರೂ ಕಳಿಸಿ, ಸಾರ್ ಸ್ನಾನಕ್ಕೆ ಹೋಗಿದ್ದಾರೆ, ಊರಿಗೆ ಹೋಗಿದ್ದಾರೆ ಎನ್ನಿಸಬಹುದಿತ್ತು. ಬೆಲ್ಲು ಕೇಳಿಸಲಿಲ್ಲ ಎನ್ನಬಹುದಿತ್ತು. ನಮ್ಮ ಮನೆಗೆ ಬೆಲ್ಲೇ ಇಲ್ಲ. ರಸ್ತೆಯಲ್ಲಿ ಕಾರು ನಿಂತರೆ ಅದರ ಸೀಟಿನಿಂದ ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯವರೆಗೆ ಕಾಣುತ್ತದೆ. ಈಗ ದಿನವೂ ಬೆಳಿಗ್ಗೆ ಆ ಕೆಂಪು ಅಕ್ಷರದ ಬೋರ್ಡಿನ ಕಾರು ಬಂದು ನಿಲ್ಲುತ್ತದೆ. ನಾನು ಕಾಫಿ ಲೋಟವನ್ನು ಕೆಳಗಿಟ್ಟು, ಉಸಿರು ಬಿಗಿಹಿಡಿದು, ಹೊಂಗೆಮರದ ಹಿಂದೆ ಹೋಗಿ ನಿಲ್ಲುತ್ತೇನೆ. ಕಾರಿನಲ್ಲಿ ಕುಳಿತೇ ಬಸವರಾಜ ಬಹಳ ಮರ್ಯಾದೆಯಿಂದ ಕರೆಯುತ್ತಾನೆ.

"ಸರ್, ಹೊಟ್ಟಿ ಕಾಣಾಕತ್ತೈತ್ರಿ. ಬರ್ರಿ."